ಎರೆನೆಲದ ಅಡಿಯಲ್ಲಿ ಸ್ತರಭಂಗವಿದೆಯೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೆ, ಈ ಬೇಸಿಗೆಯಲ್ಲಿ ನಮ್ಮ ಎರೆಹೊಲದಲ್ಲಿ ಕೃಷಿ ಹೊಂಡ ತೋಡಿಸಿದೆವು. ಜೆಸಿಬಿ ಒಂದಾಳು ಆಳಕ್ಕೆ ಇಳಿದಾಗ ಹೊಂಡದ ಗೋಡೆಯಲ್ಲಿ ಓರೆಯಾಗಿ ಇಳಿದಿದ್ದ, ಎಣ್ಣೆ ಸವರಿದಂತೆ ಹೊಳೆಯುವ, ಮೈಮೇಲೆ ಸಣ್ಣ ಗೀರುಗಳಿದ್ದ ಮಣ್ಣಿನ ಹಲ್ಲೆಗಳು ಕಂಡವು. ಬಯಲು ನೆಲದ ಅಡಿಯಲ್ಲಿ ಬಹಳ ನಿಧಾನವಾಗಿ ಚಲಿಸುವ, ಮೇಲೆ ಕಾಣದ ಸ್ತರಭಂಗಗಳು (ಎರಡು ಬದಿಯ ಬಂಡೆ ಒಂದಕ್ಕೊಂದು ಸರಿದ ಒಡಕುಗಳು) ಇರುತ್ತವೆ, ಅವು ಸಾವಿರಾರು ವರ್ಷ ಸುಮ್ಮನಿದ್ದು ಎಂದೋ ಒಮ್ಮೆ ಭೂಕಂಪ ತರುತ್ತವೆ ಎಂದು ಓದಿದ್ದೇನೆ. ಪದವಿ ಓದುತ್ತಿರುವ ನನ್ನ ಮಗಳು, ಇಂಥ ನುಣುಪು ಮೈ ಸ್ತರಭಂಗದ ಗುರುತೆಂದು ಪಾಠದಲ್ಲಿ ಹೇಳಿಕೊಟ್ಟಿದ್ದಾರೆ ಎನ್ನುತ್ತಾಳೆ. ನಾವು ಕಂಡದ್ದು ಅದೇ ಇರಬಹುದೇ? ಇಂಥವನ್ನು ಪತ್ತೆ ಮಾಡುವುದಾದರೂ ಹೇಗೆ?
(ರೈತ ಓದುಗರು, ಸಿಂಧನೂರು ತಾಲ್ಲೂಕು)

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿಯಾಗಿಯೇ ಇದೆ. ಎರಡು ಬಂಡೆಗಳು ಒಂದಕ್ಕೊಂದು ಉಜ್ಜಿಕೊಂಡು ಸರಿದಾಗ ಅವುಗಳ ನಡುವಿನ ಮೈ ನುಣುಪಾಗುತ್ತದೆ ಮತ್ತು ಸರಿದ ದಿಕ್ಕಿನಲ್ಲಿ ಗೀರುಗಳು ಮೂಡುತ್ತವೆ. ಆದರೆ ಎರೆಮಣ್ಣು ಭೂಕಂಪದ ಹಂಗಿಲ್ಲದೆ, ಮಳೆ ಮತ್ತು ಬಿಸಿಲಿನ ನೆರವಿನಿಂದಲೇ ಇದೇ ಬಗೆಯ ಮೈಯನ್ನು ತಯಾರಿಸಿಕೊಳ್ಳುತ್ತದೆ. ಈ ಮಣ್ಣಿನಲ್ಲಿರುವ ಜೇಡಿಯ ಕಣಗಳು ನೀರು ಹೀರಿ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಿಗೆಯಲ್ಲಿ ನೆಲ ಬಾಯಿ ಬಿಟ್ಟಾಗ ಮೇಲಿನ ಪುಡಿಮಣ್ಣು ಬಿರುಕಿನೊಳಗೆ ಬೀಳುತ್ತದೆ. ಮುಂಗಾರಿನಲ್ಲಿ ಮಣ್ಣು ಮತ್ತೆ ಉಬ್ಬಿದಾಗ ಬಿರುಕು ಮುಚ್ಚಿಕೊಳ್ಳಲು ಜಾಗವಿಲ್ಲದೆ ಅಕ್ಕಪಕ್ಕದ ಹೆಂಟೆಗಳು ಒಂದನ್ನೊಂದು ಒತ್ತಿ ಓರೆಯಾಗಿ ಮೇಲಕ್ಕೆ ಜಾರುತ್ತವೆ. ನೀವು ಕಂಡ ಹೊಳಪು ಮತ್ತು ಗೀರುಗಳು ಬಹುಮಟ್ಟಿಗೆ ಈ ಜಾರುವಿಕೆಯವು. ಸಾಮಾನ್ಯವಾಗಿ ಅರ್ಧ ಮೀಟರಿನಿಂದ ಎರಡು ಮೀಟರಿನವರೆಗಿನ ಆಳದಲ್ಲಿ, ಎಂದರೆ ನಿಮ್ಮ ಜೆಸಿಬಿ ಇಳಿದ ಮಟ್ಟದಲ್ಲಿಯೇ, ಇವು ದಟ್ಟವಾಗಿರುತ್ತವೆ.

ಹಾಗೆಂದು ನೋಡದೆಯೇ ತಳ್ಳಿಹಾಕಬೇಕಿಲ್ಲ. ಹೊಂಡಕ್ಕೆ ನೀರು ತುಂಬುವ ಮೊದಲು ನೀವೂ ನಿಮ್ಮ ಮಗಳೂ ಸಲಿಕೆಯಿಂದ ಒಂದು ಗೋಡೆಯನ್ನು ಸಮನಾಗಿ ಕೆರೆದು ಶುದ್ಧ ಮಾಡಿ ನೋಡಿರಿ. ಮಣ್ಣಿನ ಉಬ್ಬರದಿಂದಾದ ಮೈಗಳು ಬಟ್ಟಲಿನ ಹಾಗೆ ಬಾಗಿರುತ್ತವೆ, ಒಂದೊಂದು ಒಂದೊಂದು ದಿಕ್ಕಿಗೆ ವಾಲಿರುತ್ತವೆ, ಒಂದೆರಡು ಮಾರು ಹೋಗುವಷ್ಟರಲ್ಲಿ ಮುಗಿದುಹೋಗುತ್ತವೆ, ಮತ್ತು ಎರೆಮಣ್ಣು ಮುಗಿದು ಗರಸು ಬಂದಲ್ಲಿ ಕಾಣೆಯಾಗುತ್ತವೆ. ಸ್ತರಭಂಗವಾದರೆ ಅದು ಗರಸಿನೊಳಗೂ ಅದರ ಕೆಳಗಿನ ಕೊಳೆತ ಕಲ್ಲಿನೊಳಗೂ ಇಳಿದಿರಬೇಕು; ಹೊಂಡದ ಎದುರುಬದುರು ಗೋಡೆಗಳಲ್ಲಿ ಒಂದೇ ದಿಕ್ಕಿನಲ್ಲಿ ಕಾಣಬೇಕು; ಎಲ್ಲಕ್ಕಿಂತ ಮುಖ್ಯವಾಗಿ ಎರಡೂ ಬದಿಯ ಪದರಗಳು ಒಂದೇ ಮಟ್ಟದಲ್ಲಿರದೆ ಮೇಲೆ ಕೆಳಗಾಗಿರಬೇಕು. ಎರೆಮಣ್ಣಿನ ಬುಡದಲ್ಲಿ ಸುಣ್ಣದ ಹರಳುಗಳ ಬಿಳಿಯ ಪಟ್ಟಿ ಇದ್ದರೆ ಅದನ್ನೇ ಅಳತೆಯ ಗೆರೆಯಾಗಿ ಹಿಡಿಯಬಹುದು. ಆ ಪಟ್ಟಿ ಎಲ್ಲಿಯೂ ಮುರಿಯದೆ ಸಾಗಿದ್ದರೆ, ಅದು ಮೂಡಿದ ಮೇಲೆ ನಿಮ್ಮ ಹೊಂಡದಲ್ಲಿ ಯಾವ ಸ್ತರಭಂಗವೂ ಸರಿದಿಲ್ಲವೆಂದು ಧೈರ್ಯವಾಗಿ ಹೇಳಬಹುದು.

ಇನ್ನೊಂದು ಎಚ್ಚರಿಕೆ ಅಗತ್ಯ. ಗರಸಿನ ಕೆಳಗಿನ ಬಂಡೆಯಲ್ಲಿ ಒಡಕು ಕಂಡರೂ ಅದು ಜೀವಂತವಾಗಿದೆ ಎಂದು ಅರ್ಥವಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ತಳಪಾಯವಾಗಿರುವ ನೈಸ್ ಮತ್ತು ಗ್ರಾನೈಟ್ ಶಿಲೆಗಳಿಗೆ 250 ಕೋಟಿ ವರ್ಷ ಅಥವಾ ಅದಕ್ಕೂ ಹೆಚ್ಚಿನ ವಯಸ್ಸು. ಅಷ್ಟು ಕಾಲದಲ್ಲಿ ಅವು ಎಷ್ಟೋ ಬಾರಿ ಒಡೆದಿವೆ, ಒಡೆದ ಕಡೆ ಮತ್ತೆ ಬೆಸೆದುಕೊಂಡಿವೆ. ಹಟ್ಟಿಯ ಚಿನ್ನ ದೊರೆಯುವುದೇ ಇಂಥ ಪುರಾತನ ಒಡಕುಗಳಲ್ಲಿ ಹರಿದ ಬಿಸಿ ದ್ರವ ಬಿಟ್ಟುಹೋದ ಬೆಣಚುಕಲ್ಲಿನ ಎಳೆಗಳಲ್ಲಿ. ಆದ್ದರಿಂದ ನಮ್ಮ ಸೀಮೆಯಲ್ಲಿ ಒಡಕು ಹುಡುಕುವುದು ಕಷ್ಟವೇ ಅಲ್ಲ. ಲೆಕ್ಕವಿಲ್ಲದಷ್ಟು ಒಡಕುಗಳ ನಡುವೆ, ಭೂಗರ್ಭದ ಲೆಕ್ಕದಲ್ಲಿ ನಿನ್ನೆ ಮೊನ್ನೆ ಎನ್ನಬಹುದಾದ ಕಾಲದಲ್ಲಿ ಸರಿದದ್ದು ಯಾವುದು ಎಂದು ಗುರುತಿಸುವುದೇ ನಿಜವಾದ ಕೆಲಸ.

ಆ ಕೆಲಸ ಎಷ್ಟು ತೊಡಕಿನದೆಂಬುದಕ್ಕೆ ಮಹಾರಾಷ್ಟ್ರದ ಕಿಲ್ಲಾರಿಯನ್ನೇ ನೋಡಬೇಕು. 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ, ಗಣೇಶನನ್ನು ಕಳುಹಿಸಿ ಜನ ಮಲಗಿದ್ದ ಹೊತ್ತಿನಲ್ಲಿ, ಲಾತೂರು ಮತ್ತು ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸುಮಾರು 6.2 ಪರಿಮಾಣದ ಭೂಕಂಪವಾಗಿ ಹತ್ತು ಸಾವಿರದಷ್ಟು ಜನ ಸತ್ತರು. ಅಲ್ಲಿಯೂ ಮೇಲೆ ಎರೆಮಣ್ಣೇ, ಜೋಳದ ಹೊಲಗಳೇ. ನೆಲ ಹರಿದ ಗುರುತು ಹೊಲಗಳಲ್ಲಿ ಸುಮಾರು ಒಂದು ಕಿಲೋಮೀಟರಿನಷ್ಟು ಮಾತ್ರ ಕಂಡಿತು, ಅದೂ ತುಂಡು ತುಂಡಾಗಿ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಬಳಿಕ ಅಲ್ಲಿ 600 ಮೀಟರಿಗೂ ಹೆಚ್ಚು ಆಳಕ್ಕೆ ಕೊರೆದಾಗ, ಸುಮಾರು 340 ಮೀಟರ್ ದಪ್ಪದ ಬಸಾಲ್ಟ್ ಪದರಗಳನ್ನು ದಾಟಿದ ಮೇಲೆ ದೊರೆತದ್ದು ನಿಮ್ಮ ಸೀಮೆಯ ಗುಡ್ಡಗಳಲ್ಲಿ ಕಾಣುವ ಜಾತಿಯದೇ ಹಳೆಯ ನೈಸ್ ಶಿಲೆ. ಎಂದರೆ ಸರಿದ ಸ್ತರಭಂಗ ಆ ಹಳೆಯ ಶಿಲೆಯೊಳಗಿತ್ತು, ಅದರ ಮೇಲೆ ಲಾವಾದ ದಪ್ಪ ಹೊದಿಕೆ, ಅದರ ಮೇಲೆ ಎರೆಮಣ್ಣು. ಮೊದಲೇ ಕಂಡುಹಿಡಿಯಬೇಕಿತ್ತೆಂದು ಯಾರನ್ನು ದೂರುವುದು?

ಶ್ರೀಮಂತ ದೇಶಗಳಲ್ಲಿಯೂ ಹೀಗೆಯೇ ಆಗಿದೆ. ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ಬಯಲು ನದಿಗಳು ತಂದು ಹರಡಿದ ಗೊರಜಿನಿಂದಾದದ್ದು. 2010ರ ಸೆಪ್ಟೆಂಬರ್ 4ರಂದು ಅಲ್ಲಿ 7.1 ಪರಿಮಾಣದ ಭೂಕಂಪವಾಗಿ, ಯಾವ ನಕ್ಷೆಯಲ್ಲಿಯೂ ಇಲ್ಲದ ಸ್ತರಭಂಗವೊಂದು ಸುಮಾರು 30 ಕಿಲೋಮೀಟರ್ ಉದ್ದಕ್ಕೆ ನೆಲವನ್ನು ಸೀಳಿಕೊಂಡು ಮೇಲೆ ಬಂದಿತು. ನೇರವಾಗಿ ಹೋಗಿದ್ದ ಬೇಲಿಗಳು, ರಸ್ತೆಗಳು ಕೆಲವೆಡೆ ನಾಲ್ಕೈದು ಮೀಟರಿನಷ್ಟು ಪಕ್ಕಕ್ಕೆ ಸರಿದವು. ಗ್ರೀನ್‌ಡೇಲ್ ಎಂಬ ಹೆಸರು ಅದಕ್ಕೆ ಬಂದದ್ದು ಆ ಮೇಲೆ. ಅಡ್ಡ ಕಂದಕಗಳನ್ನು ತೋಡಿ ಪರಿಶೀಲಿಸಿದಾಗ ಅದು ಅದಕ್ಕೆ ಮೊದಲು ಸರಿದದ್ದು ಇಪ್ಪತ್ತು ಸಾವಿರ ವರ್ಷಗಳಿಗೂ ಹಿಂದೆ ಎಂದು ತಿಳಿಯಿತು. ಆ ನಡುವೆ ನದಿಗಳು ಹಳೆಯ ಗಾಯದ ಗುರುತನ್ನು ಮುಚ್ಚಿಹಾಕಿದ್ದವು.

ಪತ್ತೆ ಮಾಡುವ ವಿಧಾನವನ್ನು ಕೇಳಿದ್ದೀರಿ. ಅದರ ತಿರುಳು ಈ ಕಂದಕದ ಕೆಲಸವೇ. ಅನುಮಾನವಿರುವ ಗೆರೆಗೆ ಅಡ್ಡಲಾಗಿ ಮೂರು ನಾಲ್ಕು ಮೀಟರ್ ಆಳದ ಕಂದಕ ತೋಡಿ, ಗೋಡೆಯನ್ನು ಕೆರೆದು, ಮೊಳೆ ಹೊಡೆದು ದಾರದಿಂದ ಚೌಕಗಳನ್ನು ಕಟ್ಟಿ, ಒಂದೊಂದು ಚೌಕದಲ್ಲಿ ಕಂಡ ಪದರ, ಕಲ್ಲು, ಬಿರುಕುಗಳನ್ನು ಕಾಗದದ ಮೇಲೆ ಇಳಿಸುತ್ತಾರೆ. ಒಂದು ಪದರ ಮುರಿದಿದ್ದು ಅದರ ಮೇಲಿನ ಪದರ ಮುರಿಯದೆ ಇದ್ದರೆ, ಭೂಕಂಪ ಆ ಎರಡರ ನಡುವಿನ ಕಾಲದಲ್ಲಿ ಆಗಿದೆ ಎಂದಾಯಿತು. ಪದರಗಳ ವಯಸ್ಸನ್ನು ಇದ್ದಿಲ ಚೂರು ಸಿಕ್ಕಿದರೆ ರೇಡಿಯೋ ಕಾರ್ಬನ್ ವಿಧಾನದಿಂದ ಸುಮಾರು 50 ಸಾವಿರ ವರ್ಷಗಳವರೆಗೆ ಹೇಳಬಹುದು. ಮರಳಿನ ಕಣಗಳು ಕೊನೆಯ ಬಾರಿ ಬಿಸಿಲು ಕಂಡದ್ದು ಯಾವಾಗ ಎಂದು ಅಳೆಯುವ ವಿಧಾನ ಇನ್ನೂ ಹಿಂದಕ್ಕೆ ಹೋಗುತ್ತದೆ. ಎರೆನೆಲದಲ್ಲಿ ಮಾತ್ರ ಈ ಕೆಲಸ ಬಹಳ ಸತಾಯಿಸುತ್ತದೆ, ಏಕೆಂದರೆ ನಾನು ಮೇಲೆ ಹೇಳಿದಂತೆ ಈ ಮಣ್ಣು ತನ್ನನ್ನು ತಾನೇ ಮಗುಚಿಕೊಳ್ಳುತ್ತದೆ. ನಿನ್ನೆಯ ಮೇಲ್ಮಣ್ಣು ಬಿರುಕಿನ ಮೂಲಕ ಇಳಿದು ಹಳೆಯ ಪದರದೊಡನೆ ಸೇರಿಬಿಡುತ್ತದೆ. ಹಾಗಾಗಿ ಹಳ್ಳದ ದಂಡೆ, ತುಂಗಭದ್ರೆ ಮತ್ತು ಹಗರಿಯ ಹಳೆಯ ಮೆಕ್ಕಲು, ಗುಡ್ಡದ ಬುಡದ ಮಸಾರಿ ನೆಲ, ಇಂಥ ಕಡೆ ಕಂದಕ ತೋಡುವುದೇ ಜಾಣತನ. ಕಂದಕ ಎಲ್ಲಿ ಎಂಬುದನ್ನು ಗೊತ್ತುಮಾಡಲು ಗುರುತ್ವ, ಕಾಂತತ್ವ, ವಿದ್ಯುತ್ ರೋಧಗಳ ಅಳತೆ, ನೆಲಕ್ಕೆ ಪೆಟ್ಟು ಕೊಟ್ಟು ಪ್ರತಿಧ್ವನಿ ದಾಖಲಿಸುವ ಸಮೀಕ್ಷೆ ಮುಂತಾದವು ನೆರವಾಗುತ್ತವೆ. ಭೂಪಟದಲ್ಲಿ ಹಳ್ಳವೊಂದು ಗೆರೆ ಎಳೆದಂತೆ ನೇರವಾಗಿ ಹರಿದಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ಸ್ತರಭಂಗವೆಂದು ಬರೆದ ಪ್ರಬಂಧಗಳನ್ನು ನಾನು ಸಾಕಷ್ಟು ತಿದ್ದಿದ್ದೇನೆ. ಅದು ಬರಿಯ ಅನುಮಾನ, ಪುರಾವೆಯಲ್ಲ.

ಪ್ರಶ್ನೆ: ಉಪಗ್ರಹಗಳು ಮಿಲಿಮೀಟರ್ ಲೆಕ್ಕದಲ್ಲಿ ನೆಲದ ಚಲನೆಯನ್ನು ಅಳೆಯುತ್ತವೆ ಎನ್ನುತ್ತಾರೆ. ಹಾಗಿದ್ದ ಮೇಲೆ ನಿಧಾನ ಚಲಿಸುವ ಸ್ತರಭಂಗಗಳನ್ನು ಅವು ಏಕೆ ತೋರಿಸುವುದಿಲ್ಲ?
(ಪದವಿಪೂರ್ವ ಕಾಲೇಜಿನ ಉಪನ್ಯಾಸಕರು, ಬಳ್ಳಾರಿ)

ಉತ್ತರ: ಒಂದು ಸರಳ ಲೆಕ್ಕ ಮಾಡೋಣ. ಆರಕ್ಕೂ ಸ್ವಲ್ಪ ಹೆಚ್ಚಿನ ಪರಿಮಾಣದ ಭೂಕಂಪದಲ್ಲಿ ಸ್ತರಭಂಗದ ಎರಡು ಬದಿಗಳು ಸುಮಾರು ಅರ್ಧ ಮೀಟರಿನಿಂದ ಒಂದು ಮೀಟರಿನಷ್ಟು ಸರಿಯುತ್ತವೆ. ಅಂಥ ಭೂಕಂಪ ಒಂದು ಸ್ತರಭಂಗದಲ್ಲಿ ಐವತ್ತು ಸಾವಿರ ವರ್ಷಕ್ಕೊಮ್ಮೆ ಆಗುವುದಾದರೆ, ಒಂದು ಮೀಟರನ್ನು ಐವತ್ತು ಸಾವಿರದಿಂದ ಭಾಗಿಸಿದರೆ ಬರುವುದು ವರ್ಷಕ್ಕೆ 0.02 ಮಿಲಿಮೀಟರ್. ಜಿಪಿಎಸ್ ಕೇಂದ್ರಗಳು ಹಲವು ವರ್ಷ ಸತತವಾಗಿ ಅಳೆದು ಮಿಲಿಮೀಟರಿನ ಒಂದು ಭಾಗದವರೆಗೆ ಹೇಳಬಲ್ಲವೇ ಹೊರತು ಇಷ್ಟು ಸೂಕ್ಷ್ಮವನ್ನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಹೈದರಾಬಾದಿನಲ್ಲಿಯೂ ಬಹುಕಾಲದಿಂದ ಇಂಥ ಕೇಂದ್ರಗಳಿವೆ, ಮತ್ತು ನಿಮ್ಮ ಬಳ್ಳಾರಿ ಅವೆರಡರ ನಡುವಿನ ಸೀಮೆಯಲ್ಲಿದೆ. ಇಡೀ ಭಾರತದ ಫಲಕ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರಿನಂತೆ ಈಶಾನ್ಯಕ್ಕೆ ಸಾಗುತ್ತಿರುವುದನ್ನು ಅವು ಸ್ಪಷ್ಟವಾಗಿ ತೋರಿಸುತ್ತವೆ; ಆದರೆ ಎರಡೂ ಬಹುಮಟ್ಟಿಗೆ ಜೊತೆಯಾಗಿಯೇ ಸಾಗುತ್ತಿರುವುದರಿಂದ ನಡುವೆ ಎಲ್ಲಿ, ಯಾವ ಗೆರೆಯಲ್ಲಿ ಬಿಗಿತ ಕೂಡಿಕೊಳ್ಳುತ್ತಿದೆ ಎಂಬುದು ಅದರಿಂದ ತಿಳಿಯುವುದಿಲ್ಲ.

ಒಂದೇ ಜಾಗದ ಎರಡು ಕಾಲದ ಚಿತ್ರಗಳನ್ನು ಹೋಲಿಸಿ ಚಲನೆ ಅಳೆಯುವ ರಾಡಾರ್ ಉಪಗ್ರಹಗಳ ಸಮಸ್ಯೆ ಬೇರೆ. ಮಳೆಗಾಲದಲ್ಲಿ ಎರೆನೆಲವೇ ಕೆಲವು ಸೆಂಟಿಮೀಟರ್ ಉಬ್ಬಿ ಬೇಸಿಗೆಯಲ್ಲಿ ಇಳಿಯುತ್ತದೆ. 0.02 ಮಿಲಿಮೀಟರನ್ನು ಹುಡುಕುವವರಿಗೆ ಇದು ಸಾವಿರ ಪಟ್ಟು ದೊಡ್ಡ ಗದ್ದಲ. ಸಿರುಗುಪ್ಪ, ಗಂಗಾವತಿಯ ಭತ್ತದ ಗದ್ದೆಗಳಲ್ಲಿ ಎರಡು ಚಿತ್ರಗಳ ನಡುವೆ ನೆಲದ ಮೈಯೇ ಬದಲಾಗಿರುವುದರಿಂದ ಹೋಲಿಕೆಯೇ ಕೂಡುವುದಿಲ್ಲ.

ಉಳಿದದ್ದು ಹಳೆಯ ದಾಖಲೆ. 1843ರ ಏಪ್ರಿಲ್ 1ರಂದು ಬಳ್ಳಾರಿಯ ಸುತ್ತ ನೆಲ ನಡುಗಿದ್ದು ಭಾರತದ ಹಳೆಯ ಭೂಕಂಪ ಪಟ್ಟಿಗಳಲ್ಲಿ ಸೇರಿದೆ. ಅದರ ಪರಿಮಾಣವನ್ನು ಸುಮಾರು 5 ಎಂದು ಅಂದಾಜಿಸುತ್ತಾರೆ. ಬಳ್ಳಾರಿಯಲ್ಲಿ ಆಗ ಕಂಪನಿ ಸರ್ಕಾರದ ದಂಡು ಇತ್ತು, ಬರೆದಿಡುವ ಜನರಿದ್ದರು. ಅಂಥದೇ ಕಂಪನ ಕುಷ್ಟಗಿಯಲ್ಲಿಯೋ ದೇವದುರ್ಗದಲ್ಲಿಯೋ ಅದಕ್ಕೆ ನೂರು ವರ್ಷ ಮೊದಲು ಆಗಿದ್ದರೆ ನಮಗೆ ಗೊತ್ತಾಗುವ ದಾರಿಯೇ ಬಹುಶಃ ಇರುತ್ತಿರಲಿಲ್ಲ. ಇನ್ನೂರು ವರ್ಷದ ದಾಖಲೆಯನ್ನು ಮುಂದಿಟ್ಟುಕೊಂಡು ಐವತ್ತು ಸಾವಿರ ವರ್ಷದ ನಡವಳಿಕೆಯ ಬಗ್ಗೆ ತೀರ್ಪು ಕೊಡುವವರನ್ನು ಕಂಡರೆ ನನಗೆ ಅಷ್ಟಾಗಿ ನಂಬಿಕೆ ಬರುವುದಿಲ್ಲ, ಅವರು ಭಯ ಹುಟ್ಟಿಸುವವರಾಗಲಿ, ಅಭಯ ಕೊಡುವವರಾಗಲಿ.

ಪ್ರಶ್ನೆ: ಆನೆಗುಂದಿಯ ಗುಡ್ಡಗಳಲ್ಲಿ ಒಂದರ ಮೇಲೊಂದು ನಿಂತ ಬಂಡೆಗಳು ತಳ್ಳಿದರೆ ಉರುಳುವಂತಿವೆ. ಅವು ಇನ್ನೂ ನಿಂತಿವೆ ಎಂದರೆ ಇಲ್ಲಿ ದೊಡ್ಡ ಭೂಕಂಪ ಎಂದೂ ಆಗಿಲ್ಲ ಎನ್ನಬಹುದಲ್ಲವೇ?
(ಓದುಗರು, ಗಂಗಾವತಿ)

ಉತ್ತರ: ಬಹಳ ಒಳ್ಳೆಯ ಪ್ರಶ್ನೆ, ಮತ್ತು ನಿಮ್ಮ ತರ್ಕಕ್ಕೆ ವಿಜ್ಞಾನದಲ್ಲಿ ನೆಲೆಯಿದೆ. ಅಮೆರಿಕದ ಜೇಮ್ಸ್ ಬ್ರೂನ್ ಎಂಬ ಭೂಕಂಪ ವಿಜ್ಞಾನಿ 1990ರ ದಶಕದಲ್ಲಿ ಕ್ಯಾಲಿಫೋರ್ನಿಯ, ನೆವಾಡಗಳ ಇಂಥ ಅಸ್ಥಿರ ಬಂಡೆಗಳನ್ನೇ ಭೂಕಂಪದ ಸಾಕ್ಷಿಗಳಾಗಿ ಬಳಸಲು ಆರಂಭಿಸಿದರು. ಬಂಡೆಯ ಆಕಾರ, ತೂಕ, ತಳದ ಆಸರೆಗಳನ್ನು ಅಳೆದರೆ ಅದನ್ನು ಉರುಳಿಸಲು ಎಷ್ಟು ಬಲವಾದ ಅಲುಗಾಟ ಬೇಕೆಂದು ಲೆಕ್ಕ ಹಾಕಬಹುದು. ಆ ಬಂಡೆ ಆ ಸ್ಥಿತಿಯಲ್ಲಿ ಎಷ್ಟು ಕಾಲದಿಂದ ನಿಂತಿದೆ ಎಂಬುದನ್ನು, ವಿಶ್ವಕಿರಣಗಳು ತಾಗಿ ಕಲ್ಲಿನ ಮೈಯಲ್ಲಿ ಹುಟ್ಟುವ ಬೆರಿಲಿಯಂ-10 ಎಂಬ ವಿರಳ ಪರಮಾಣುಗಳನ್ನು ಎಣಿಸಿ ಅಂದಾಜಿಸಬಹುದು. ಈ ಎರಡೂ ತಿಳಿದರೆ, ಇಷ್ಟು ಸಾವಿರ ವರ್ಷಗಳಲ್ಲಿ ಈ ಜಾಗ ಇಷ್ಟಕ್ಕಿಂತ ಜೋರಾಗಿ ಅಲುಗಿಲ್ಲ ಎಂದು ಹೇಳಬಹುದು.

ಆದರೆ "ಎಂದೂ" ಎಂಬ ನಿಮ್ಮ ಮಾತನ್ನು ಒಪ್ಪಲಾಗುವುದಿಲ್ಲ. ಈ ಗುಂಡುಗಳನ್ನು ಯಾರೂ ಮೇಲೆತ್ತಿ ಇಟ್ಟದ್ದಲ್ಲ. ಗ್ರಾನೈಟಿನ ಸೀಳುಗಳಲ್ಲಿ ನೀರಿಳಿದು, ಮೂಲೆಗಳು ಕೊಳೆತು, ಸುತ್ತಲಿನ ಗರಸು ಮಳೆಗೆ ಕೊಚ್ಚಿಹೋಗಿ, ಗಟ್ಟಿ ತಿರುಳು ಮಾತ್ರ ಇದ್ದಲ್ಲಿಯೇ ಉಳಿದದ್ದು. ಮಣ್ಣಿನ ಆಸರೆ ಇದ್ದಾಗ ಎಂಥ ಕಂಪನ ಬಂದರೂ ಬಂಡೆ ಉರುಳುವುದಿಲ್ಲ, ಆದ್ದರಿಂದ ಅದರ ಸಾಕ್ಷಿ ಬಯಲಿಗೆ ಬಿದ್ದ ದಿನದಿಂದೀಚೆಗೆ ಮಾತ್ರ ನಡೆಯುತ್ತದೆ. ಅಲ್ಲದೆ ದೂರದಿಂದ ನೋಡಿದಾಗ ತೂಗಾಡುವಂತೆ ಕಾಣುವ ಎಷ್ಟೋ ಬಂಡೆಗಳು ಹತ್ತಿರ ಹೋಗಿ ಬುಡ ನೋಡಿದರೆ ಅಗಲವಾಗಿ ಕುಳಿತಿರುತ್ತವೆ. ಉರುಳಿದ್ದ ಬಂಡೆಗಳೂ ಗುಡ್ಡದ ಬುಡದಲ್ಲಿ ರಾಶಿ ಬಿದ್ದಿವೆ, ಅವು ಮಳೆಗೆ ಜಾರಿದವೋ ಅಲುಗಾಟಕ್ಕೆ ಬಿದ್ದವೋ ಎಂದು ಒಂದೊಂದನ್ನೂ ನೋಡಿ ಹೇಳಬೇಕು. ಭೂವಿಜ್ಞಾನ ಓದುವ ಮಕ್ಕಳಿಗೆ ಕೊಪ್ಪಳ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ತೋಚುವುದಿಲ್ಲ. ದಯವಿಟ್ಟು ತಳ್ಳಿ ನೋಡುವ ಪ್ರಯೋಗ ಮಾತ್ರ ಬೇಡ.

ಪ್ರಶ್ನೆ: ನಮ್ಮೂರಲ್ಲಿ ಆಗಾಗ ಮಧ್ಯಾಹ್ನದ ಹೊತ್ತಿಗೆ ಧಡ್ ಎಂಬ ಸದ್ದಿನೊಡನೆ ಕಿಟಕಿಗಳು ಅದುರುತ್ತವೆ. ಇದು ಭೂಕಂಪವೋ ಗಣಿಯ ಸ್ಫೋಟವೋ?
(ಗೃಹಿಣಿ, ಸಂಡೂರು)

ಉತ್ತರ: ಹಗಲಿನಲ್ಲಿ, ಹೆಚ್ಚುಕಡಿಮೆ ಗೊತ್ತಾದ ಹೊತ್ತಿನಲ್ಲಿ ಆಗುವುದಾದರೆ ಸ್ಫೋಟವೆಂದೇ ಭಾವಿಸಬಹುದು. ಭೂಕಂಪಮಾಪಕ ಇದನ್ನು ಸುಲಭವಾಗಿ ಬೇರ್ಪಡಿಸುತ್ತದೆ: ಸಿಡಿತ ಎಲ್ಲ ದಿಕ್ಕಿಗೂ ನೆಲವನ್ನು ಹೊರಕ್ಕೆ ನೂಕುವುದರಿಂದ ಸುತ್ತಲಿನ ಎಲ್ಲ ಕೇಂದ್ರಗಳಲ್ಲಿ ಮೊದಲ ಅಲೆ ಮೇಲ್ಮುಖವಾಗಿರುತ್ತದೆ, ಸ್ತರಭಂಗ ಸರಿದರೆ ಕೆಲವು ಕಡೆ ನೂಕು, ಕೆಲವು ಕಡೆ ಎಳೆತ ಕಾಣುತ್ತದೆ. ಗೌರಿಬಿದನೂರಿನಲ್ಲಿ 1965ರಿಂದ ಇರುವ ಕಂಪನಮಾಪಕಗಳ ಸಾಲನ್ನು ಹೂಡಿದ್ದೇ ದೂರದ ಅಣುಸ್ಫೋಟಗಳನ್ನು ಭೂಕಂಪಗಳಿಂದ ಬೇರ್ಪಡಿಸಲು. ರಾತ್ರಿ ಹೊತ್ತಿನಲ್ಲಿ, ಗಣಿ ರಜೆಯಿರುವ ದಿನ ಅದುರಿದರೆ ಗಂಟೆ, ನಿಮಿಷ ಬರೆದಿಟ್ಟು ತಹಶೀಲ್ದಾರರ ಕಚೇರಿಗೆ ತಿಳಿಸಿರಿ.

ಪ್ರಶ್ನೆ: ತುಂಗಭದ್ರಾ ಜಲಾಶಯದ ನೀರಿನ ಭಾರದಿಂದ ಅಡಗಿದ ಸ್ತರಭಂಗ ಕೆರಳಬಹುದೇ?
(ಓದುಗರು, ಮುನಿರಾಬಾದ್)

ಉತ್ತರ: ನೀವು ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಿದ್ದೀರಿ ಎಂದುಕೊಂಡಿದ್ದೇನೆ. ಅಲ್ಲಿ ಜಲಾಶಯ ತುಂಬತೊಡಗಿದ ಕೆಲವೇ ವರ್ಷಗಳಲ್ಲಿ, 1967ರ ಡಿಸೆಂಬರ್ 11ರ ನಸುಕಿನಲ್ಲಿ 6.3 ಪರಿಮಾಣದ ಭೂಕಂಪವಾಗಿ ಸುಮಾರು 180 ಜನ ಸತ್ತರು, ಮತ್ತು ಸಣ್ಣಪುಟ್ಟ ಕಂಪನಗಳು ಇಂದಿಗೂ ನಿಂತಿಲ್ಲ. ನೀರು ಹೊಸ ಸ್ತರಭಂಗವನ್ನು ಸೃಷ್ಟಿಸುವುದಿಲ್ಲ. ಮೊದಲೇ ಬಿಗಿದು ಜಾರುವ ಹಂತದಲ್ಲಿರುವ ಸ್ತರಭಂಗದ ರಂಧ್ರಗಳಿಗೆ ಒತ್ತಡದಿಂದ ಇಳಿದು, ಎರಡು ಬದಿಗಳನ್ನು ಹಿಡಿದಿಟ್ಟಿರುವ ಘರ್ಷಣೆಯನ್ನು ಕಡಿಮೆ ಮಾಡುತ್ತದೆ. ಕೊಯ್ನಾ ಅಣೆಕಟ್ಟಿನ ಎತ್ತರ 103 ಮೀಟರ್, ತುಂಗಭದ್ರೆಯದು ಸುಮಾರು 49 ಮೀಟರ್. ಒತ್ತಡ ನೀರಿನ ಎತ್ತರವನ್ನು ಅವಲಂಬಿಸುವುದರಿಂದ ಈ ವ್ಯತ್ಯಾಸ ಸಣ್ಣದಲ್ಲ. 1953ರಲ್ಲಿ ನೀರು ನಿಂತಂದಿನಿಂದ ತುಂಗಭದ್ರೆಯಲ್ಲಿ ಕೊಯ್ನಾದಂಥ ವಿನಾಶಕಾರಿ ಕಂಪನ ನಡೆದಿಲ್ಲ. ಇಂಥ ಕೆರಳಿಕೆ ಸಾಮಾನ್ಯವಾಗಿ ಜಲಾಶಯ ತುಂಬಿದ ಮೊದಲ ವರ್ಷಗಳಲ್ಲಿಯೇ ಕಾಣಿಸಿಕೊಳ್ಳುವುದರಿಂದ, ಅಣೆಕಟ್ಟಿನ ಬಗ್ಗೆ ಚಿಂತಿಸುವವರು ಹೂಳು ಮತ್ತು ಗೇಟುಗಳ ಬಗ್ಗೆ ಚಿಂತಿಸುವುದು ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ.

ಪ್ರಶ್ನೆ: ನಮ್ಮ ಜಿಲ್ಲೆ ಭೂಕಂಪ ನಕ್ಷೆಯ ಎರಡನೆಯ ವಲಯದಲ್ಲಿದೆ, ಆದ್ದರಿಂದ ಸುರಕ್ಷಿತ ಎಂದು ಎಂಜಿನಿಯರರೊಬ್ಬರು ಹೇಳಿದರು. ಲಿಂಗಸುಗೂರು ತಾಲ್ಲೂಕಿನ ನಮ್ಮ ಮನೆ ಅಜ್ಜನ ಕಾಲದ ಮಾಳಿಗೆ ಮನೆ. ಏನಾದರೂ ಮಾಡಬೇಕೇ?
(ನಿವೃತ್ತ ಶಿಕ್ಷಕರು, ರಾಯಚೂರು ಜಿಲ್ಲೆ)

ಉತ್ತರ: ಕಿಲ್ಲಾರಿ ಆಗ ಮೊದಲನೆಯ ವಲಯದಲ್ಲಿತ್ತು, ಎಂದರೆ ಎಲ್ಲಕ್ಕಿಂತ ಕಡಿಮೆ ಅಪಾಯದ ವಲಯದಲ್ಲಿ. ಆ ಅನುಭವದ ಬಳಿಕ 2002ರ ಪರಿಷ್ಕರಣೆಯಲ್ಲಿ ಮೊದಲನೆಯ ವಲಯವನ್ನೇ ತೆಗೆದುಹಾಕಿ ಎರಡರಿಂದ ಐದರವರೆಗಿನ ನಾಲ್ಕು ವಲಯಗಳನ್ನು ಇಟ್ಟುಕೊಂಡರು. ಹಾಗಾಗಿ ಎರಡನೆಯ ವಲಯವೆಂದರೆ ಆ ನಕ್ಷೆಯಲ್ಲಿ ಅತಿ ಕಡಿಮೆಯದು, ಅಪಾಯವೇ ಇಲ್ಲದ್ದಲ್ಲ. ನಿಮ್ಮ ಜೀವಮಾನದಲ್ಲಿ ನಿಮ್ಮ ಊರಿನ ಅಡಿಯಲ್ಲಿಯೇ ಅಂಥ ಭೂಕಂಪವಾಗುವ ಸಂಭವ ಬಹಳ ಕಡಿಮೆ ಎಂಬುದೂ ಅಷ್ಟೇ ನಿಜ. ಮನೆ ಬಿಡಬೇಕಾಗಿಲ್ಲ, ಕೆಡವಬೇಕಾಗಿಯೂ ಇಲ್ಲ.

ಆದರೆ ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಹೆಚ್ಚಾಗಿ ನಿಮ್ಮಂಥವೇ ಮನೆಗಳು: ಮಣ್ಣಿನಲ್ಲಿ ಕೂರಿಸಿದ ಕಾಡುಗಲ್ಲಿನ ಎರಡು ಮೂರು ಅಡಿ ದಪ್ಪದ ಗೋಡೆ, ಅದರ ಮೇಲೆ ತೊಲೆ, ಜಂತಿ, ಅದರ ಮೇಲೆ ಒಂದೆರಡು ಅಡಿ ಮಣ್ಣು. ಇಂಥ ಗೋಡೆ ನೋಡಲು ಒಂದೇ ಆದರೂ ವಾಸ್ತವದಲ್ಲಿ ಒಳಮೈಗೊಂದು, ಹೊರಮೈಗೊಂದು ಎಂದು ಎರಡು ತೆಳು ಗೋಡೆಗಳು. ನಡುವೆ ಚೂರುಗಲ್ಲು, ಮಣ್ಣು ತುಂಬಿರುತ್ತದೆ. ಅಲುಗಿದಾಗ ಒಳಮೈ ಒಳಕ್ಕೂ ಹೊರಮೈ ಹೊರಕ್ಕೂ ಬೀಳುತ್ತವೆ, ಮಾಳಿಗೆ ನೇರ ಕೆಳಗಿಳಿಯುತ್ತದೆ. ಇದನ್ನು ತಡೆಯಲು ಗೋಡೆಯ ಎರಡೂ ಮೈಗೆ ತಲುಪುವ ಉದ್ದಗಲ್ಲುಗಳನ್ನು ಎತ್ತರದಲ್ಲಿ ಎರಡು ಅಡಿಗೊಂದರಂತೆ, ಅಡ್ಡಲಾಗಿ ನಾಲ್ಕು ಅಡಿಯೊಳಗೆ ಒಂದರಂತೆ ಇಡಬೇಕೆಂದು ಭಾರತೀಯ ಮಾನಕ ಸಂಸ್ಥೆಯ 13828ನೆಯ ಸಂಹಿತೆ ಹೇಳುತ್ತದೆ. ಇದ್ದ ಗೋಡೆಯಲ್ಲಿಯೂ ಇದನ್ನು ಮಾಡಬಹುದು: ಒಂದೊಂದೇ ಕಲ್ಲನ್ನು ಜೋಪಾನವಾಗಿ ಬಿಡಿಸಿ, ಆರಪಾರ ತೂತು ಮಾಡಿ, ಕೊಕ್ಕೆಯಂತೆ ಬಗ್ಗಿಸಿದ ಕಂಬಿಯಿಟ್ಟು ಕಾಂಕ್ರೀಟು ತುಂಬಿದರೆ ಅದೇ ಉದ್ದಗಲ್ಲಿನ ಕೆಲಸ ಮಾಡುತ್ತದೆ. ಕಿಲ್ಲಾರಿಯ ಬಳಿಕ ಲಾತೂರಿನ ಸುತ್ತಲಿನ ಊರುಗಳಲ್ಲಿ ಹೀಗೆ ಹಳೆಯ ಮನೆಗಳನ್ನು ಬಲಪಡಿಸಿದ್ದಾರೆ. ಅನುಭವಿ ಗೌಂಡಿಯನ್ನು ಕರೆಸಿರಿ. ಒಮ್ಮೆಗೆ ಒಂದು ತೂತಿಗಿಂತ ಹೆಚ್ಚು ತೆಗೆಯಲು ಬಿಡಬೇಡಿರಿ.

ಇದಕ್ಕೂ ಮೊದಲು, ಖರ್ಚಿಲ್ಲದೆ ಮಾಡಬಹುದಾದ ಕೆಲಸವೊಂದಿದೆ. ಸೋರಿಕೆ ನಿಲ್ಲಿಸಲು ಮುಂಗಾರಿಗೆ ಮುಂಚೆ ಮಾಳಿಗೆಯ ಮೇಲೆ ಹೊಸ ಮಣ್ಣು ಹಾಕುವ ರೂಢಿ ನಮ್ಮಲ್ಲಿದೆ, ಹಳೆಯ ಮಣ್ಣನ್ನು ಮಾತ್ರ ಯಾರೂ ಇಳಿಸುವುದಿಲ್ಲ. ಅಜ್ಜನ ಕಾಲದಿಂದ ಪದರದ ಮೇಲೆ ಪದರ ಕೂಡಿ ಎಷ್ಟಾಗಿದೆ ಎಂದು ಬೆಳಕಿಂಡಿಯ ಅಂಚಿನಲ್ಲಿ ಅಳತೆ ಹಿಡಿದು ನೋಡಿರಿ. ಒಂದಡಿ ಮಣ್ಣೆಂದರೆ ಪ್ರತಿ ಚದರ ಮೀಟರಿಗೆ ಸುಮಾರು ಅರ್ಧ ಟನ್ ಭಾರ. ಜಂತಿಯ ಮೇಲೆ ಐದಾರು ಅಂಗುಲ ಉಳಿಸಿ ಮಿಕ್ಕದ್ದನ್ನು ಇಳಿಸಿ ಹೊಲಕ್ಕೆ ಹಾಕಿಸಿ, ಸೋರಿಕೆಗೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಡುವೆ ಹಾಸಿಸಿರಿ. ಇಳಿಸುವಾಗ ಮಾಳಿಗೆಯ ಒಂದೇ ಬದಿಯನ್ನು ಬರಿದು ಮಾಡದೆ ಎಲ್ಲ ಕಡೆಯಿಂದಲೂ ಸ್ವಲ್ಪ ಸ್ವಲ್ಪವಾಗಿ ತೆಗೆಸಿರಿ.